ದೊಡ್ಡತ್ತೆಯ ವಿಡಾಲ್

ನಮ್ಮ ಕಡೆ ಜ್ವರಗಳಿಗೂ ಅಂತಸ್ತಿತ್ತು. ನೆಗಡಿ ಜ್ವರಕ್ಕೆ ಕವಡೆ ಕಿಮ್ಮತ್ತಿಲ್ಲ. ಮೆಣಸಿನ ಕಷಾಯ ಕುಡಿದು ಶಾಲೆಗೆ ಹೊರಡಬೇಕು. ಮಲೇರಿಯಾ ಬಂದರೆ ಒಂದಿಷ್ಟು ಮರ್ಯಾದೆ. ಟೈಫಾಯಿಡ್ ಅಂದರೆ ಮಾತ್ರ ನೆಂಟರಿಷ್ಟರು ಮೂಸಂಬಿ, ಬ್ರೆಡ್ಡು ಹಿಡಿದು ಮನೆಗೇ ಬರುತ್ತಿದ್ದರು. ಬ್ರೆಡ್ಡು ಎಂಬುದನ್ನು ದೇವರು ಕಾಯಿಲೆಯವರಿಗೆಂದೇ ಸೃಷ್ಟಿಸಿದ್ದಾನೆ ಎಂದು ನಾನು ಬಹಳ ಕಾಲ ನಂಬಿದ್ದೆ. ನಮ್ಮ ಚಿಕ್ಕಪ್ಪ ಮದುವೆ ಮನೆಗಳಲ್ಲಿ ತಮ್ಮ ಟೈಫಾಯಿಡಿನ ಕಥೆ ತೆಗೆದರೆ, ಬರೀ ಹರ್ನಿಯಾ ಆಪರೇಷನ್ ಆದವರು ತೆಪ್ಪಗೆ ಎಲೆಯ ಕಡೆ ನೋಡುತ್ತಿದ್ದರು. ಈಗ ಆ ಗದ್ದುಗೆಯ ಮೇಲೆ ಡೆಂಗಿ ಕೂತಿದೆ. ಪಿಯುಸಿ ರಿಸಲ್ಟ್ ದಿನ ಪರ್ಸೆಂಟೇಜು ಕೇಳುವ ಧಾಟಿಯಲ್ಲೇ ಜನ ಫೋನ್ ಮಾಡಿ, "ಪ್ಲೇಟ್ಲೆಟ್ ಎಷ್ಟು?" ಅನ್ನುತ್ತಾರೆ.

ಆಗ ಜ್ವರ ಪತ್ತೆ ಮಾಡುವ ಇಲಾಖೆ ಅಮ್ಮನದು. ಅಂಗೈಯನ್ನು ಅವಳು ನಂಬುತ್ತಿರಲಿಲ್ಲ, ಒಲೆ ಮುಂದಿನ ಕೈ ನೋಡಿ. ಕೈ ತಿರುಗಿಸಿ ಬೆರಳ ಹಿಂಬದಿಯನ್ನು ಕತ್ತಿನ ಪಕ್ಕಕ್ಕೆ ಇಡುವಳು. ನಡುರಾತ್ರಿ ಅಂಗಿ ಒದ್ದೆಯಾಯಿತೆಂದರೆ, "ಬೆವರು ಬಿಟ್ಟಿತು, ಇನ್ನು ಪರವಾಗಿಲ್ಲ" ಎಂದು ಕಂಬಳಿ ಸರಿಸುವಳು. ಅದರಲ್ಲಿ ಶಾಸ್ತ್ರ ಇದೆ. ರೋಗಾಣು ಒಳಹೊಕ್ಕಾಗ ಬಿಳಿರಕ್ತಕಣಗಳು ಸುರಿಸುವ ರಾಸಾಯನಿಕಗಳ ದೆಸೆಯಿಂದ ಮಿದುಳಿನ ಹೈಪೊಥಲಾಮಸ್ ಮೈಬಿಸಿಯ ಮಿತಿಯನ್ನೇ ಏರಿಸಿಬಿಡುತ್ತದೆ. 98.6 ಡಿಗ್ರಿಗೆ ಒಗ್ಗಿದ ಮೈಗೆ ದಿಢೀರನೆ 102 ಬೇಕು. ಅಲ್ಲಿಗೆ ಮುಟ್ಟುವ ತನಕ ಸ್ನಾಯುಗಳು ಗಡಗಡ ಅದುರಿ ಕಾವು ಹುಟ್ಟಿಸುತ್ತವೆ. ಮೈ ಕೆಂಡದಂತಿದ್ದರೂ ಚಳಿಚಳಿ ಅನ್ನುವುದು ಅದಕ್ಕೆ. ಮಿತಿ ಮತ್ತೆ ಇಳಿದಾಗ, ಹೆಚ್ಚಿಗೆಯಾದ ಕಾವನ್ನು ಹೊರಗೆ ಹಾಕಲು ಬೆವರು.

ಮೊದಲು ಹೊಡೆದಾಟಕ್ಕೆ ಬೀಳುವವು ನ್ಯೂಟ್ರೊಫಿಲ್ ಎಂಬ ಬಿಳಿಕಣಗಳು. ನಮ್ಮ ಮೂಳೆಯ ಮಜ್ಜೆ ದಿನಕ್ಕೆ ಸುಮಾರು 10 ಸಾವಿರ ಕೋಟಿ ನ್ಯೂಟ್ರೊಫಿಲ್‌ಗಳನ್ನು ತಯಾರಿಸುತ್ತದೆ. ಸಿಕ್ಕಿದ ರೋಗಾಣುವನ್ನು ನುಂಗುತ್ತವೆ, ಸಾಯುತ್ತವೆ. ಚಿಕ್ಕಂದಿನಲ್ಲಿ ನಮ್ಮ ಮಂಡಿಯ ಗಾಯದಿಂದ ಒಸರುತ್ತಿದ್ದ ಕೀವಿನಲ್ಲಿ ಬಹುಪಾಲು ಅವುಗಳ ಹೆಣಗಳೇ. ಪಾಪ, ಅವಕ್ಕೆ ಹಗೆಯ ನೆನಪಿಲ್ಲ. ನೆನಪಿಡುವುದು ಬಿ ಕಣಗಳ ಬಾಬ್ತು. ವಾರದ ಹೊತ್ತಿಗೆ ಅವು ಆ ರೋಗಾಣುವಿಗೆಂದೇ ಹೊಂದುವ ಪ್ರತಿಕಾಯಗಳನ್ನು ರಕ್ತಕ್ಕೆ ಬಿಡುತ್ತವೆ. ಕೆಲಸ ಮುಗಿದ ಮೇಲೂ ಕೆಲವು ಕಣಗಳು ಮಜ್ಜೆಯಲ್ಲಿ ಠಿಕಾಣಿ ಹೂಡುತ್ತವೆ.

ಎಷ್ಟು ಕಾಲ? 1846ರಲ್ಲಿ ಫೆರೋ ದ್ವೀಪಗಳಲ್ಲಿ ದಡಾರ ಎದ್ದಿತು. ಎಂಟು ಸಾವಿರದೊಳಗಿನ ಜನಸಂಖ್ಯೆಯಲ್ಲಿ ಸುಮಾರು ಆರು ಸಾವಿರ ಜನ ಮಲಗಿದರು. ನೋಡಲು ಹೋದ ಪಾನುಮ್ ಎಂಬ ಡೆನ್ಮಾರ್ಕಿನ ಎಳೆಯ ವೈದ್ಯನಿಗೆ ಒಂದು ಸೋಜಿಗ ಕಂಡಿತು. 1781ರಲ್ಲಿ, ಅಂದರೆ 65 ವರ್ಷ ಹಿಂದೆ, ದಡಾರ ಬಂದು ಹೋಗಿದ್ದ ಮುದುಕರಲ್ಲಿ ಒಬ್ಬರನ್ನೂ ಅದು ಮತ್ತೆ ಮುಟ್ಟಿರಲಿಲ್ಲ. ಇನ್ನೂ ಒಂದಿದೆ. 1918ರ ಇನ್‌ಫ್ಲುಯೆನ್ಸಾ ಕಂಡಿದ್ದ ಹಣ್ಣುಹಣ್ಣು ಮುದುಕರ ರಕ್ತ ತೆಗೆದು 2008ರಲ್ಲಿ ನೋಡಿದರೆ, ಆ ವೈರಸ್ಸನ್ನು ಗುರುತಿಸುವ ಕಣಗಳು ತೊಂಬತ್ತು ವರ್ಷದ ಮೇಲೂ ಇದ್ದವು!

ಈ ನೆನಪನ್ನು ಓದುವುದೇ ಲ್ಯಾಬಿನ ಕಸುಬು. ನಮ್ಮೂರಿನ ಲ್ಯಾಬು ಮೆಡಿಕಲ್ ಶಾಪಿನ ಮಗ್ಗುಲಲ್ಲಿದೆ. ದೊಡ್ಡತ್ತೆಗೆ ಜ್ವರ ಬಂದಾಗ ಅಲ್ಲಿಯ ಹುಡುಗನೇ ಮನೆಗೆ ಬಂದು, "ಅಜ್ಜಿ, ಮುಷ್ಟಿ ಬಿಗಿ ಹಿಡೀರಿ" ಅಂದ. ರಿಪೋರ್ಟ್ ತರಲು ಹೋದವನು ನಾನು ಅವನ ಮೇಜಿನ ಪಕ್ಕವೇ ನಿಂತೆ. ಯಂತ್ರದಲ್ಲಿ ಗಿರಗಿರ ತಿರುಗಿಸಿದ ನಳಿಗೆಯ ಮೇಲ್ಗಡೆ ತಿಳಿಹಳದಿ ಸೀರಮ್ಮು ನಿಂತಿತ್ತು. ಗುಂಡು ಗೆರೆಗಳಿದ್ದ ಗಾಜಿನ ಪಟ್ಟಿಯ ಮೇಲೆ ಅದರ ಹನಿಗಳನ್ನು ಬಿಟ್ಟ. ಒಂದಕ್ಕೆ ನೀಲಿ ದ್ರಾವಣ, ಇನ್ನೊಂದಕ್ಕೆ ಕೆಂಪು. ಎರಡರಲ್ಲೂ ಇರುವುದು ಸತ್ತ ಟೈಫಾಯಿಡ್ ಬ್ಯಾಕ್ಟೀರಿಯಾ. ಕಡ್ಡಿಯಿಂದ ಕಲಸಿ, ಪಟ್ಟಿಯನ್ನು ಕೈಯಲ್ಲಿ ಹಿಡಿದು ಆಕಡೆ ಈಕಡೆ ತೂಗಿದ. ನಿಮಿಷದೊಳಗೆ ಕೆಂಪು ಹನಿಯಲ್ಲಿ ಸಣ್ಣ ಸಣ್ಣ ಹರಳು ಕಟ್ಟಿದವು. ದೊಡ್ಡತ್ತೆಯ ಪ್ರತಿಕಾಯಗಳು ಹಳೆಯ ಹಗೆಯನ್ನು ಹಿಡಿದು ಗಂಟು ಹಾಕುತ್ತಿದ್ದವು. ಸೀರಮ್ಮನ್ನು ಎಷ್ಟು ಪಟ್ಟು ತೆಳುವಾಗಿಸಿದರೂ ಹರಳು ಕಟ್ಟುತ್ತದೆ ಎಂಬುದೇ 1:80, 1:160 ಎಂಬ ಲೆಕ್ಕ. 1896ರಲ್ಲಿ ಫರ್ನಾಂಡ್ ವಿಡಾಲ್ ಪ್ಯಾರಿಸ್ಸಿನಲ್ಲಿ ರೂಢಿಗೆ ತಂದ ಪರೀಕ್ಷೆ. ಫ್ರಾನ್ಸಿನವರು ಅವನನ್ನು ಎಷ್ಟು ನೆನೆಯುತ್ತಾರೋ, ನಮ್ಮ ತಾಲೂಕಿನಲ್ಲಂತೂ ಮಳೆಗಾಲದ ದಿನ ಅವನ ಹೆಸರು ಹೇಳದ ಮನೆಯಿಲ್ಲ.

"ವಿಡಾಲ್ ಪಾಸಿಟಿವ್" ಎಂದು ಮನೆಯಲ್ಲಿ ಹೇಳಿದ್ದೇ ತಡ, ಚಿಕ್ಕಪ್ಪನ ಮುಖ ಸಣ್ಣಗಾಯಿತು. ಮನೆತನದ ಟೈಫಾಯಿಡಿಗೆ ಇನ್ನೊಬ್ಬ ವಾರಸುದಾರರು! ಡಾಕ್ಟರು ಮಾತ್ರ ಕಾಗದವನ್ನು ಪಕ್ಕಕ್ಕಿಟ್ಟರು. "ಕೆಂಪು ಹನಿ ಏರಿದೆ ಅಷ್ಟೆ. ಯಾವತ್ತೋ ಬಂದು ಹೋದದ್ದಿರಬಹುದು. ಬೇರೆ ಜ್ವರ ಬಂದಾಗಲೂ ಇದು ತಲೆ ಎತ್ತುತ್ತದೆ." ಹತ್ತು ದಿನ ಬಿಟ್ಟು ಮತ್ತೆ ರಕ್ತ ನೋಡಿ, ನಾಲ್ಕು ಪಟ್ಟು ಏರಿದ್ದರೆ ನಂಬಬಹುದಂತೆ, ಆದರೆ ಜ್ವರ ಬಿಟ್ಟ ಮೇಲೆ ಸೂಜಿ ಚುಚ್ಚಿಸಿಕೊಳ್ಳಲು ಯಾರು ಬರುತ್ತಾರೆ? ಬ್ಯಾಕ್ಟೀರಿಯಾವನ್ನೇ ರಕ್ತದಿಂದ ಬೆಳೆಸಿ ನೋಡುವ ಕಲ್ಚರ್ ಲೇಸು. ಅದಕ್ಕೆ ಎರಡು ಮೂರು ದಿನ ಕಾಯಬೇಕು. ಕಾಯುವುದಿರಲಿ, ರೋಗಿ ಅಷ್ಟರಲ್ಲೇ ಮೆಡಿಕಲ್ ಶಾಪಿನವನು ಕೊಟ್ಟ ಆಂಟಿಬಯೋಟಿಕ್ ನುಂಗಿರುತ್ತಾನೆ.

ರಕ್ತಕ್ಕೆ ನೆನಪುಂಟು, ತಾರೀಖು ಗೊತ್ತಿಲ್ಲ. ದೊಡ್ಡತ್ತೆಯದೂ ಅದೇ ಪಾಡು. ನನ್ನನ್ನು ನಮ್ಮಪ್ಪನ ಹೆಸರಿನಿಂದ ಕರೆದು, "ಇಷ್ಟು ಹೊತ್ತು ಎಲ್ಲಿ ಅಲೆಯೋಕೆ ಹೋಗಿದ್ದೆಯೋ?" ಎಂದು ಗದರುತ್ತಾರೆ. ತೀರಿಕೊಂಡ ಮಾವ ಊಟ ಮಾಡಿದರೇ ಎಂದು ವಿಚಾರಿಸುತ್ತಾರೆ. ಒಂದೂ ಸುಳ್ಳಲ್ಲ, ಯಾವುದೋ ಒಂದು ದಿನ ನಿಜವಾಗಿದ್ದ ಮಾತುಗಳೇ. ಅವರ ಟೈಫಾಯಿಡ್ ಯಾವ ವರ್ಷದ್ದು, ಆಗ ತಲೆ ಮೇಲೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದವರು ಯಾರು ಎಂದು ಹೇಳಬಲ್ಲವರು ಈಗ ಮನೆಯಲ್ಲಿ ಯಾರೂ ಉಳಿದಿಲ್ಲ.

ಡಾಕ್ಟರ ಗುಮಾನಿ ಮೂತ್ರದ ಸೋಂಕಿನ ಮೇಲಿತ್ತು. ಯೂರಿನ್ ಕಲ್ಚರಿನಲ್ಲಿ ಇ-ಕೋಲೈ ಬೆಳೆಯಿತು. ಯಾವ ಔಷಧಿಗೆ ಅದು ಬಗ್ಗುತ್ತದೆ ಎಂದೂ ರಿಪೋರ್ಟಿನಲ್ಲೇ ಬಂತು. ನಾವೆಲ್ಲ ಮಂಚದ ಸುತ್ತ ನಿಂತು ಅದನ್ನೇ ಚರ್ಚಿಸುತ್ತಿರುವಾಗ ದೊಡ್ಡತ್ತೆ ದಿಂಬಿಗೊರಗಿ ಕೇಳಿದರು: "ಯಾರಿಗ್ರೋ ಜ್ವರ?"

"ನಿಮಗೇ ಅತ್ತೆ" ಎನ್ನಲು ನನಗೆ ಬಾಯಿ ಬರಲಿಲ್ಲ. "ನಮ್ಮನೇಲೇ ಒಬ್ಬರಿಗೆ" ಅಂದೆ.

"ಅಯ್ಯೋ ಪಾಪ, ಗಂಜಿ ಮಾಡಿ ಕೊಡ್ರೋ. ನಂಚಿಕೊಳ್ಳೋಕೆ ನಿಂಬೆಕಾಯಿ ಉಪ್ಪಿನಕಾಯಿ ಇರಲಿ" ಎಂದು ಅಪ್ಪಣೆಯಾಯಿತು. ಗಂಜಿ ಬಂತು. ಎರಡು ಚಮಚ ಕುಡಿದು, ಉಪ್ಪು ಸಾಲದು ಎಂದು ಲೋಟವನ್ನು ಅಡುಗೆಮನೆಗೆ ವಾಪಸು ಕಳಿಸಿದರು.