ಅಕ್ಕನ ಕೈಗೊಂದು ವಾಚು

ಬೀರೂರು
ನವೆಂಬರ್ 9, 2025, ಭಾನುವಾರ

ಅಕ್ಕ ಡಿಸೆಂಬರ್ 31ಕ್ಕೆ ನಿವೃತ್ತಿ. ತಮ್ಮಂದಿರೆಲ್ಲ ಫೋನಿನಲ್ಲೇ ತೀರ್ಮಾನ ಮಾಡಿದೆವು: ಸೇರಿ ಒಂದು ವಾಚು ಕೊಡಿಸುವುದು. ದುಬಾರಿಯದೇ ಆಗಲಿ, ಎರಡು ಲಕ್ಷದೊಳಗೆ ಎಷ್ಟಾದರೂ ಸರಿ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. ಸಾರಿನ ಸೌಟು ಹಿಡಿದೇ ನಿಂತುಬಿಟ್ಟಳು. ‘ಎರಡು ಲಕ್ಷ ವಾಚಿಗಾ? ಅಷ್ಟಕ್ಕೆ ಒಂದೆಳೆ ಸರ ಆದ್ರೂ ಬರುತ್ತಲ್ರೀ.’ ಚಿನ್ನ ಗ್ರಾಮಿಗೆ ಹನ್ನೊಂದು ಸಾವಿರ ದಾಟಿದೆ; ಹದಿನೇಳು ಗ್ರಾಂ ಬಂದರೆ ಹೆಚ್ಚು, ಕೂಲಿ ಬೇರೆ. ಆದರೂ ಅವಳ ಮಾತು ತೆಗೆದುಹಾಕುವಂಥದ್ದಲ್ಲ. ಚಿನ್ನ ಕಷ್ಟಕಾಲಕ್ಕೆ ಆಗುತ್ತದೆ. ಬೋರ್‌ವೆಲ್ ಬತ್ತಿದ ವರ್ಷ ಕಡೂರು ಸೀಮೆಯಲ್ಲಿ ಎಷ್ಟು ಮನೆಯ ಸರಗಳು ಬ್ಯಾಂಕಿಗೆ ಹೋಗಿಬರುತ್ತವೆ ಅನ್ನುವುದು ಅಡಿಕೆ ಮಂಡಿಯಲ್ಲಿ ಕೂತವನಿಗೆ ಹೊಸ ಸುದ್ದಿಯಲ್ಲ.

ನನ್ನ ತಕರಾರೂ ಅದೇ. ಹೆಂಗಸರ ಮೈಮೇಲಿನ ಚಿನ್ನ ಅರ್ಧ ಮನೆಯದು. ಅಕ್ಕನ ಬಳೆಗಳು ಭಾವನ ತೋಟಕ್ಕೆ ನೀರು ತರಲು ಹೋಗಿ ಬಂದವೇ. ಯಾರೂ ಅಡ ಇಡಲಾಗದ ಒಂದು ವಸ್ತು ಅವಳ ಮೈಮೇಲೆ ಇರಲಿ ಅಂದೆ. ಇವಳು ಸಾರು ಬಡಿಸಿ ಒಳಗೆ ಹೋದಳು. ಒಪ್ಪಿಗೆಯೋ ಅಲ್ಲವೋ ತಿಳಿಯಲಿಲ್ಲ.

ನವೆಂಬರ್ 13, ಗುರುವಾರ

ಕೊಯ್ಲಿನ ಕಾಲ. ಮಂಡಿಯಲ್ಲಿ ಬೆಳಗ್ಗೆ ಎಲ್ಲ ಚೀಲಗಳ ಗದ್ದಲ, ಮಧ್ಯಾಹ್ನ ಸ್ವಲ್ಪ ಬಿಡುವು. ಮದುವೆಗಳಲ್ಲಿ ಕೊಡುತ್ತಿದ್ದ ವಾಚುಗಳು ನೆನಪಾದವು. ವರನಿಗೆ ಸೂಟು, ಉಂಗುರ, ಎಚ್‌ಎಂಟಿ ವಾಚು: ನಮ್ಮ ಕಡೆ ಇದು ಬಾಯಿಪಾಠ. ನಮ್ಮ ಚಿಕ್ಕಪ್ಪ ಎಚ್‌ಎಂಟಿಯ ಕಾಂಚನ್ ಮಾದರಿ ಸಿಗಲಿಲ್ಲವೆಂದು ಬೀಗರ ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದರಂತೆ. ಚಿಕ್ಕಮ್ಮನಿಗೆ ಬಂದದ್ದು ಚಿನ್ನ. ಅವರಿಗೂ ಗಂಟೆ ನೋಡುವ ಕೆಲಸ ಇರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಬೆಳಗಿನ ರೈಲಿಗೆ ಹೋಗುವವರಿಗೆಲ್ಲ ಬುತ್ತಿ ಕಟ್ಟಿದವರು ಅವರೇ.

ಆ ವಾಚನ್ನು ಜೋಡಿಸಿದ ಕೈಗಳು ಮಾತ್ರ ಬಹುಪಾಲು ಹೆಣ್ಣುಮಕ್ಕಳವು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿಯ ವಾಚು ಕಾರ್ಖಾನೆ ಶುರುವಾಯಿತು, 1978ರಲ್ಲಿ ತುಮಕೂರಿನದು. ಕಣ್ಣಿಗೆ ಕಾಣದಷ್ಟು ಸಣ್ಣ ಸ್ಕ್ರೂಗಳನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಸಾಲುಗಳಲ್ಲಿ ಕೂತವರು ಹೆಂಗಸರು. ಹೆಂಗಸರಿಗೆಂದೇ ಸುಜಾತಾ ಎಂಬ ವಾಚೂ ಬಂತು. ಆದರೆ ಉಡುಗೊರೆ ಎಂದರೆ ಅಳಿಯನಿಗೇ.

ತಮಾಷೆಯೆಂದರೆ ಯುರೋಪಿನಲ್ಲಿ ಕತೆ ಉಲ್ಟಾ. ಪಾಟೆಕ್ ಫಿಲಿಪ್ ಕಂಪನಿ 1868ರಲ್ಲಿ ಕೈಗಡಿಯಾರ ಮಾಡಿದ್ದು ಹಂಗೇರಿಯ ಒಬ್ಬ ಕೌಂಟೆಸ್‌ಗೆ. ಗಂಡಸರದೆಲ್ಲ ಸರಪಳಿಯ ಜೇಬು ಗಡಿಯಾರ. ಕೈಗೆ ಕಟ್ಟಿಕೊಳ್ಳುವುದು ಹೆಂಗಸರ ಶೋಕಿ ಅಂತ ನಗುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಕಂದಕದೊಳಗೆ ಬಂದೂಕು ಹಿಡಿದು ಜೇಬಿಗೆ ಕೈಹಾಕಲು ಆಗದೆಹೋದಾಗ ಆ ನಗು ನಿಂತಿತು. ನಮ್ಮಲ್ಲಿಗೆ ಬರುವಷ್ಟರಲ್ಲಿ ವಾಚು ಗಂಡಸಿನ ಗತ್ತಾಗಿಬಿಟ್ಟಿತ್ತು.

ನವೆಂಬರ್ 18, ಮಂಗಳವಾರ

ಸ್ಟೇಷನ್ ರಸ್ತೆಯ ವಾಚು ರಿಪೇರಿಯವರ ಹತ್ತಿರ ಹೋಗಿದ್ದೆ. ಈಗ ಅವರಿಗೆ ಸೆಲ್ಲು ಹಾಕುವುದು, ಬೆಲ್ಟು ಬದಲಿಸುವುದು ಬಿಟ್ಟರೆ ಕೆಲಸ ಕಡಿಮೆ. ಕಣ್ಣಿನ ಭೂತಗನ್ನಡಿ ತೆಗೆಯದೆಯೇ ಕೇಳಿದರು: ‘ಅಕ್ಕ ಬಳೆ ಹಾಕ್ತಾರಾ ಅದೇ ಕೈಗೆ?’ ಹಾಕುತ್ತಾಳೆ ಅಂದೆ. ‘ಹಂಗಾದ್ರೆ ಬಂಗಾರದ ಬಣ್ಣದ್ದು ಬ್ಯಾಡ ಬಿಡಿ.’

ಡ್ರಾಯರಿನಿಂದ ಒಂದು ಹಳೆಯ ಲೇಡೀಸ್ ವಾಚು ತೆಗೆದು ತೋರಿಸಿದರು. ಮೂರು ಗಂಟೆಯ ಬದಿ ಹೊಳಪಾಗಿಯೇ ಇತ್ತು. ಬಳೆ ಉಜ್ಜುವ ಒಂಬತ್ತರ ಬದಿಯಲ್ಲಿ ಮಾತ್ರ ಬಂಗಾರದ ಲೇಪ ಸವೆದು ಬೆಳ್ಳನೆ ಲೋಹ ಕಾಣುತ್ತಿತ್ತು. ಗಾಜಿನ ಮೇಲೂ ಕೂದಲೆಳೆಯಂಥ ಗೀರುಗಳು, ಎಲ್ಲವೂ ಒಂದೇ ಓರೆಯಲ್ಲಿ. ಕೆಲಸದಲ್ಲಿ ಮುಳುಗಿದ ಕೈ ಹೇಗೆ ಚಲಿಸುತ್ತದೆ ಎಂದು ಯಾರೋ ಗೆರೆ ಎಳೆದು ತೋರಿಸಿದಂತಿತ್ತು. ಅವರ ಸಲಹೆ ಇಷ್ಟು: ಸ್ಟೀಲು ತಗೊಳ್ಳಿ, ಗಾಜು ಸಫೈರ್ ಇರಲಿ. ಸಫೈರ್ ಎಂದರೆ ಕಾರ್ಖಾನೆಯಲ್ಲಿ ಬೆಳೆಸಿದ ನೀಲಮಣಿಯೇ, ಬಣ್ಣವಿಲ್ಲದ್ದು. ಅದನ್ನು ಗೀರಲು ವಜ್ರದಂಥ ಗಟ್ಟಿ ವಸ್ತುವೇ ಬೇಕು. ಬಿದ್ದರೆ ಮಾತ್ರ ಒಡೆಯುತ್ತದೆ. ಹಿಂದುಗಡೆ 30 ಮೀಟರ್ ಅಂತ ಬರೆದಿದ್ದರೆ ನಂಬಿ ಕೆರೆಗೆ ಇಳಿಯಬಾರದು. ಕೈ ತೊಳೆಯುವಾಗ ಸಿಡಿಯುವ ನೀರಿಗೆ ಅಷ್ಟೇ ಅದರ ಭರವಸೆ.

‘ಕೀ ಕೊಡೋ ವಾಚು ಬೇಕಾ, ಸೆಲ್ಲಿಂದಾ?’ ಅಂತಲೂ ಕೇಳಿದರು. ಉತ್ತರ ನನ್ನಲ್ಲಿ ಸಿದ್ಧ ಇರಲಿಲ್ಲ.

ನವೆಂಬರ್ 23, ಭಾನುವಾರ

ಬೆಂಗಳೂರಿನಿಂದ ತಮ್ಮನ ಮಗಳ ಫೋನು, ಒಂದು ಗಂಟೆ. ಈ ಹುಡುಗಿಗೆ ವಾಚಿನ ಹುಚ್ಚು. ಅವಳ ಪ್ರಕಾರ ಕೈ ಆಡಿದಂತೆ ತಾನೇ ಕೀ ತುಂಬಿಕೊಳ್ಳುವ ಆಟೊಮ್ಯಾಟಿಕ್ಕೇ ನಿಜವಾದ ವಾಚು. ಸೆಲ್ಲಿನದಕ್ಕೆ ಜೀವ ಇಲ್ಲ. ನನಗೂ ಮನಸ್ಸು ಆ ಕಡೆಗೇ. ಒಳಗೆ ಚಕ್ರ ತಿರುಗುವುದನ್ನು ಹಿಂದಿನ ಗಾಜಿನಲ್ಲಿ ನೋಡುವುದೇ ಒಂದು ಸುಖ. ಆದರೆ ಕೆಲವು ವರ್ಷಕ್ಕೊಮ್ಮೆ ಬಿಚ್ಚಿ ಎಣ್ಣೆ ಹಾಕಿಸಬೇಕು, ಅದಕ್ಕೆ ಬೆಂಗಳೂರಿಗೇ ಹೋಗಬೇಕು, ಖರ್ಚು ಸಾವಿರಗಳಲ್ಲಿ. ಒಂದೆರಡು ದಿನ ಕಟ್ಟದೆ ಬಿಟ್ಟರೆ ನಿಂತೇಹೋಗುತ್ತದೆ.

ಹೆಂಡತಿ ಪಕ್ಕದಿಂದ ರಾಜಿ ಸೂತ್ರ ಮುಂದಿಟ್ಟಳು: ಚಿನ್ನದ್ದೇ ವಾಚು ತಗೊಂಡರೆ? ಟೈಟನ್ ಕಂಪನಿಯ ನೆಬ್ಯುಲಾ ಇದೆ, 18 ಕ್ಯಾರಟ್. ನೋಡಲು ಚಂದ, ಅನುಮಾನವಿಲ್ಲ. ಆದರೆ ಮಾರಲು ಹೋದರೆ ಅಕ್ಕಸಾಲಿ ಮಿಷಿನ್ನು, ಗಾಜು ಎಲ್ಲ ತೆಗೆದಿಟ್ಟು ಉಳಿದದ್ದನ್ನು ತೂಗುತ್ತಾನೆ. ವಾಚಾಗಿಯೂ ಪೂರ್ತಿ ಅಲ್ಲ, ಒಡವೆಯಾಗಿಯೂ ಪೂರ್ತಿ ಅಲ್ಲ. ಇಂಥ ರಾಜಿ ನನಗೆ ಸೇರುವುದಿಲ್ಲ.

ಹುಡುಗಿ ಇನ್ನೊಂದು ವಿಷಯ ಹೇಳಿದಳು. ಸ್ವಿಟ್ಜರ್ಲೆಂಡ್ ಸೇರಿದ ಎಫ್ಟಾ ಎಂಬ ಯುರೋಪಿನ ಒಕ್ಕೂಟದ ಜೊತೆಗಿನ ಭಾರತದ ವ್ಯಾಪಾರ ಒಪ್ಪಂದ ಇದೇ ಅಕ್ಟೋಬರ್ 1ರಿಂದ ಜಾರಿ. ಸ್ವಿಸ್ ವಾಚಿನ ಆಮದು ಸುಂಕ ಏಳು ವರ್ಷದಲ್ಲಿ ಹಂತಹಂತವಾಗಿ ಇಳಿದು ಇಲ್ಲವಾಗುತ್ತದಂತೆ. ‘ಕಾಯ್ತೀರಾ ದೊಡ್ಡಪ್ಪ?’ ಅಂತ ನಕ್ಕಳು. ಸರ್ಕಾರ ಅಕ್ಕನ ನಿವೃತ್ತಿಯನ್ನು ಏಳು ವರ್ಷ ಮುಂದೂಡಿದರೆ ಕಾಯಬಹುದು. ಇನ್ನು ನೋಟಿನ ಕಟ್ಟು ಹಿಡಿದು ಹೋಗುವ ಮಂಡಿಯವರ ಚಾಳಿಗೆ ವಾಚಿನ ಅಂಗಡಿಯಲ್ಲಿ ಬೆಲೆಯಿಲ್ಲ: ಎರಡು ಲಕ್ಷ ಮುಟ್ಟಿದರೆ ನಗದು ತೆಗೆದುಕೊಳ್ಳುವಂತಿಲ್ಲ.

ಡಿಸೆಂಬರ್ 7, ಭಾನುವಾರ

ಅಕ್ಕನನ್ನು ಬೆಳಗಿನ ಜನಶತಾಬ್ದಿಗೆ ಹತ್ತಿಸಿಕೊಂಡು ಬೆಂಗಳೂರಿಗೆ ಹೋಗಿಬಂದೆ. ಮುಚ್ಚಿಟ್ಟು ಕೊಡುವುದು ಬೇಡ ಎಂದು ಮೊದಲೇ ಹೇಳಿಬಿಟ್ಟಿದ್ದೆ. ಸೀರೆಯಾದರೆ ಅಂದಾಜಿನ ಮೇಲೆ ತರಬಹುದು. ಇದು ಅವಳ ಕೈಮೇಲೆ ಕೂರಿಸಿ ನೋಡಬೇಕಾದ್ದು. ‘ನನಗ್ಯಾಕೋ ಇದೆಲ್ಲ’ ಅಂತ ಅರಸೀಕೆರೆವರೆಗೆ ಅಂದಳು. ತಿಪಟೂರು ದಾಟಿದ ಮೇಲೆ ‘ಮುಳ್ಳು ಎದ್ದು ಕಾಣೋ ಥರ ಇರ್ಲಿ’ ಅಂದಳು.

ಅಂಗಡಿಯ ಹುಡುಗಿ ಲೇಡೀಸ್ ಎಂದ ಕೂಡಲೇ ಒಂದು ಟ್ರೇ ತಂದಿಟ್ಟಳು. ಮುತ್ತಿನ ಚಿಪ್ಪಿನ ಡಯಲ್, ಅಂಕಿಗಳ ಜಾಗದಲ್ಲಿ ಸಾಸಿವೆಯಷ್ಟು ವಜ್ರಗಳು, ತಿಳಿ ಗುಲಾಬಿ. ಅಕ್ಕ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, ‘ಎಲ್ಲ ಸರಿ ಕಣಮ್ಮ, ಗಂಟೆ ಎಷ್ಟು ಅಂತ ಎಲ್ಲಿ ನೋಡೋದು?’ ಅಂದಳು. ಈ ಕಂಪನಿಗಳ ಲೆಕ್ಕವೇ ಹೀಗೆ: ಗಂಡಸಿಗಾದರೆ ಸಮುದ್ರದ ಆಳ, ವಿಮಾನದ ವೇಗ ಎಲ್ಲ ಡಯಲ್ ಮೇಲೆ, ಹೆಂಗಸಿಗೆ ಬೆಳಕು ಬಿದ್ದರೆ ಮಿನುಗಿದರೆ ಸಾಕು. ಜೇಗರ್ ಲಕುಲ್ಟ್ ಎಂಬ ಕಂಪನಿ 1929ರಲ್ಲೇ ಹೆಂಗಸರ ವಾಚಿಗೆಂದು ಒಂದು ಗ್ರಾಂ ತೂಕದ ಮಿಷಿನ್ನು ಮಾಡಿತ್ತು. 1953ರಲ್ಲಿ ಎಲಿಜಬೆತ್ ರಾಣಿ ಪಟ್ಟಾಭಿಷೇಕಕ್ಕೆ ಅದನ್ನೇ ಕಟ್ಟಿದ್ದರು. ಅಷ್ಟು ಜಾಣತನ ಖರ್ಚಾದದ್ದೆಲ್ಲ ವಾಚನ್ನು ಬಳೆಯೊಳಗೆ ಅಡಗಿಸಿಡಲು.

ರೋಮನ್ ಅಂಕಿಯದು ಬಂತು. ಅಕ್ಕ ಗಣಿತದ ಟೀಚರು; ನಾಲ್ಕರ ಜಾಗದಲ್ಲಿ ನಾಲ್ಕು ಗೆರೆ ಎಳೆದಿರುವುದನ್ನು ಥಟ್ಟನೆ ಹಿಡಿದಳು. ‘ನಮ್ಮ ಆರನೇ ಕ್ಲಾಸ್ ಹುಡುಗ್ರು ಹೀಗೆ ಬರೆದ್ರೆ ಮಾರ್ಕ್ಸ್ ಕೊಡಲ್ಲ.’ ಗಡಿಯಾರಗಳಲ್ಲಿ ಹಿಂದಿನಿಂದಲೂ ಹೀಗೇ ಬರೆಯುವುದು, ಎದುರಿನ ಎಂಟರ ಜೊತೆ ತೂಕ ಸರಿಹೋಗಲಿ ಅಂತಾರೆ ಅಂದೆ. ಅವಳಿಗೆ ಸಮಾಧಾನವಾಗಲಿಲ್ಲ.

ಆಟೊಮ್ಯಾಟಿಕ್ ತರಿಸಿದೆ. ಹುಡುಗಿ ಕಟ್ಟಿದಳು. ಅಕ್ಕ ಅದನ್ನು ತಿರುಗಿಸಿ ಡಯಲ್ಲನ್ನು ಮುಂಗೈ ಒಳಬದಿಗೆ ತಂದುಕೊಂಡಳು. ಹುಡುಗಿ ಮತ್ತೆ ಹೊರಬದಿಗೆ ತಿರುಗಿಸಿದಳು. ಅಕ್ಕ ಮತ್ತೆ ಒಳಗೆ. ಆಗ ಹೊಳೆಯಿತು: ನಾನು ಕಂಡಾಗಿನಿಂದ ಅವಳು ವಾಚು ಕಟ್ಟುವುದೇ ಹಾಗೆ. ಒಂದು ಕೈಯಲ್ಲಿ ಪುಸ್ತಕ ಅಗಲಿಸಿ ಹಿಡಿದರೆ ಗಂಟೆ ತಾನೇ ಕಣ್ಣಿಗೆ ಬೀಳಬೇಕು, ಮಕ್ಕಳಿಗೆ ಗೊತ್ತಾಗಬಾರದು. ಅಕ್ಕನ ವಯಸ್ಸಿನ ಟೀಚರುಗಳಲ್ಲಿ, ನರ್ಸುಗಳಲ್ಲಿ ಈ ಅಭ್ಯಾಸ ಎಷ್ಟೋ ಜನಕ್ಕೆ.

ಅವಳನ್ನು ಮೇಜಿನ ಮೇಲೆ ಕೈಯಿಟ್ಟು ಬರೆಯಲು ಹೇಳಿದೆ. ದಪ್ಪನೆಯ ಆಟೊಮ್ಯಾಟಿಕ್ ಟಕ್ ಎಂದು ಮೇಜಿಗೆ ತಾಗಿತು, ಕೀ ಕೊಡುವ ತಲೆ ಮಣಿಕಟ್ಟಿಗೆ ಒತ್ತಿತು. ಒಳಬದಿ ಕಟ್ಟುವವರಿಗೆ ತೆಳುವೇ ಬೇಕು, ತೆಳು ಬೇಕೆಂದರೆ ನಮ್ಮ ದುಡ್ಡಿಗೆ ಸೆಲ್ಲಿನದೇ ಸರಿ. ಟೈಟನ್ ಎಡ್ಜ್ ನೋಡಿದೆವು, 2002ರಲ್ಲಿ ಬಂದಾಗ ಮೂರೂವರೆ ಮಿಲಿಮೀಟರ್ ದಪ್ಪ ಎಂದು ಹೆಸರಾದದ್ದು; ಚೆನ್ನಾಗಿತ್ತು. ಕೊನೆಗೆ ಲಾಂಜೀನ್ಸ್ ಎಂಬ ಸ್ವಿಸ್ ಕಂಪನಿಯ ಲಾ ಗ್ರಾಂಡ್ ಕ್ಲಾಸಿಕ್: ಸ್ಟೀಲ್ ಚೈನು, ಬಿಳಿ ಡಯಲ್, ಎರಡೇ ಮುಳ್ಳು. 1992ರಿಂದ ಬರುತ್ತಿರುವ ಮಾದರಿ. ಸೆಕೆಂಡ್ ಮುಳ್ಳು ಇಲ್ಲವಲ್ಲ ಅಂದೆ. ‘ಇನ್ನು ಯಾವ ಪರೀಕ್ಷೆ ಡ್ಯೂಟಿ ಇದೆಯೋ ನನಗೆ?’ ಅಂದಳು. ಕೈ ಬಾಗಿಸಿ ಬರೆದು ನೋಡಿದಳು, ಸದ್ದಿಲ್ಲ.

ಚೈನಿನ ಲಿಂಕುಗಳನ್ನು ತೆಗೆದು ಪೊಟ್ಟಣ ಕಟ್ಟಿಕೊಟ್ಟರು. ಒಂದು ಬೆರಳು ಒಳಗೆ ತೂರುವಷ್ಟು ಸಡಿಲ ಬಿಡಿ, ಸೆಕೆಗೆ ಕೈ ಊದುತ್ತದೆ ಎಂದು ನಾನೇ ಹೇಳಿದೆ. ಬಿಲ್ಲು ಬರೆಯುವಾಗ ಹುಡುಗಿ ನನ್ನ ಹೆಸರು ಕೇಳಿದಳು. ಬಿಲ್ಲು, ವಾರಂಟಿ ಕಾರ್ಡು ಎರಡೂ ಅಕ್ಕನ ಹೆಸರಿಗೇ ಬರೆಸಿದೆ. ಅವಳ ಒಡವೆಯ ಯಾವ ರಸೀದಿಯಲ್ಲೂ ಅವಳ ಹೆಸರು ನೋಡಿದ ನೆನಪಿಲ್ಲ.

ಹಳೆಯ ವಾಚನ್ನು ರೈಲಿನಲ್ಲಿ ಬಿಚ್ಚಿ ತೋರಿಸಿದಳು. ಚೈನಿನ ಸಂದುಗಳಲ್ಲೆಲ್ಲ ಸೀಮೆಸುಣ್ಣದ ಪುಡಿ ಗಟ್ಟಿಯಾಗಿ ಕೂತಿದೆ, ಪಿನ್ನಿನಿಂದ ಕೆರೆದರೂ ಬರುವುದಿಲ್ಲ.

ಜನವರಿ 1, 2026, ಗುರುವಾರ

ನಿನ್ನೆ ಅಜ್ಜಂಪುರದ ಶಾಲೆಯಲ್ಲಿ ಅಕ್ಕನ ಬೀಳ್ಕೊಡುಗೆ. ಶಾಲು, ಪೇಟ, ಹಣ್ಣಿನ ಬುಟ್ಟಿ, ಮತ್ತೆ ಶಾಲೆಯ ವತಿಯಿಂದ ದೊಡ್ಡದೊಂದು ಗೋಡೆ ಗಡಿಯಾರ. ಊಟದ ಹೊತ್ತಿನಲ್ಲಿ ಸಹೋದ್ಯೋಗಿಗಳು ಕೈ ಹಿಡಿದು ಹೊಸ ವಾಚು ನೋಡಿದರು. ಬೆಲೆ ಕೇಳಿದವರಿಗೆಲ್ಲ ಅಕ್ಕ ದನಿ ತಗ್ಗಿಸದೆ ಹೇಳಿದಳು. ನಾಲ್ಕು ಸಾವಿರವೋ ಏನೋ ಅಂತ ಹೇಳಿಬಿಡು ಎಂದು ಭಾವ ಮೊದಲೇ ಹೇಳಿಕೊಟ್ಟಿದ್ದರಂತೆ, ಕಿವಿಗೇ ಹಾಕಿಕೊಂಡಿಲ್ಲ.

ತರೀಕೆರೆಯ ಒಬ್ಬ ಮೇಡಂ, ‘ಇಷ್ಟು ದುಡ್ಡಿಗೆ ಬರೀ ಸ್ಟೀಲಾ?’ ಅಂತ ನೇರವಾಗಿಯೇ ಕೇಳಿದರು. ಉತ್ತರ ಕೊಟ್ಟದ್ದು ನನ್ನ ಹೆಂಡತಿ. ‘ಬಳೆ ಉಜ್ಜಿದ್ರೂ ಬಣ್ಣ ಹೋಗಲ್ಲ ಮೇಡಂ, ಗಾಜಿಗೆ ಗೀರು ಬೀಳಲ್ಲ, ಒಳಗಡೆ ಕಟ್ಕೊಂಡ್ರೆ ಒತ್ತೋದಿಲ್ಲ.’ ನಾನು ಅವಳಿಗೆ ಒಂದೊಂದಾಗಿ ಹೇಳಿದ್ದನ್ನೆಲ್ಲ ತನ್ನದೇ ಎಂಬಂತೆ ಒಪ್ಪಿಸಿದಳು.

ರಾತ್ರಿ ಬೀರೂರಿಗೆ ವಾಪಸು ಬರುವಾಗ ಕಾರಿನಲ್ಲಿ ಬಹಳ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು: ‘ಏಳು ವರ್ಷ ಆದ್ಮೇಲೆ ಆ ಸುಂಕ ಇರೋದೇ ಇಲ್ಲ ಅಂದ್ರಲ್ಲ, ನಿಜಾನಾ?’

ನಿಜ ಅಂದೆ.

‘ಹಾಗಾದ್ರೆ ನಾನು ಕಾಯ್ತೀನಿ. ಆದ್ರೆ ನಂದಕ್ಕೆ ಸೆಕೆಂಡ್ ಮುಳ್ಳು ಬೇಕು.’