ಎರಡು ರಾತ್ರಿಯ ಮನೆ

ಸ್ವಂತ ಮನೆಯಿದ್ದವರು ಬೇರೊಂದು ಸೂರಿನಡಿಯಲ್ಲಿ ಮಲಗಬೇಕಾದರೆ ಹಿಂದೆ ಅದಕ್ಕೊಂದು ಕಾರಣವಿರಬೇಕಾಗಿತ್ತು. ತೀರ್ಥಯಾತ್ರೆಯೋ, ಮದುವೆಯೋ, ಕೋರ್ಟಿನ ವ್ಯಾಜ್ಯವೋ, ಆಸ್ಪತ್ರೆಯಲ್ಲಿರುವವರ ಶುಶ್ರೂಷೆಯೋ ಏನಾದರೊಂದು. ಅಂಥವರಿಗಾಗಿ ಛತ್ರಗಳಿದ್ದವು. ಬೆಂಗಳೂರಿನ ರೈಲ್ವೆ ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ಬಾಗಿಲು ತೆರೆದಾಗ, ರೈಲಿನಿಂದಿಳಿದ ಪರಸ್ಥಳದವನಿಗೆ ತಲೆ ಚಾಚಲು ಜಾಗ ಸಿಕ್ಕರೆ ಸಾಕಾಗಿತ್ತು. ಕಿಟಕಿಯ ಪರದೆಯ ಬಣ್ಣವನ್ನು ಅವನು ವಿಚಾರಿಸುತ್ತಿರಲಿಲ್ಲ. ಈಗಿನ ರೀತಿಯೇ ಬೇರೆ. ತಮ್ಮ ಊರಿನಲ್ಲಿಯೇ, ತಮ್ಮ ಮನೆಯಿಂದ ಏಳೆಂಟು ಕಿಲೋಮೀಟರು ದೂರದಲ್ಲಿ, ಯಾವ ಕಾರಣವೂ ಇಲ್ಲದೆ ಎರಡು ರಾತ್ರಿ ತಂಗಿ ಬರುವುದೂ ಒಂದು ಸುಖವೆನಿಸಿದೆ.

ವಿಜಯನಗರದ ಒಂದು ಸಂಸಾರದ ಯಜಮಾನರಿಗೂ ಗೃಹಿಣಿಗೂ ಈ ಸುಖ ಒದಗಿದ್ದು ಮಗಳ ಕೃಪೆಯಿಂದ. ತಂದೆತಾಯಿಗಳ ಮದುವೆಗೆ ಮೂವತ್ತು ವರ್ಷ ತುಂಬಿತೆಂದು, ಅವರನ್ನು ಕೇಳದೆಯೇ, ಬಸವನಗುಡಿಯ ಹಳೆಯ ಬಂಗಲೆಯೊಂದರಲ್ಲಿ ನಡೆಯುವ ಹೋಟೆಲಿಗೆ ಆಕೆ ಹಣ ಕಟ್ಟಿಬಿಟ್ಟಿದ್ದಳು. ಯಜಮಾನರು ಬ್ಯಾಂಕಿನ ಅಧಿಕಾರಿಗಳು. ಲೆಕ್ಕ ಅವರಿಗೆ ಉಸಿರಿನಷ್ಟು ಸಹಜ. ಅಲ್ಲಿಯ ಒಂದು ರಾತ್ರಿಯ ಬಾಡಿಗೆ, ಮದುವೆಯ ಹೊಸದರಲ್ಲಿ ತಾವು ಹಿಡಿದಿದ್ದ ಮನೆಯ ಒಂದು ವರ್ಷದ ಬಾಡಿಗೆಗೆ ಸಮನೆಂಬುದನ್ನು ದಾರಿಯುದ್ದಕ್ಕೂ ಎರಡು ಬಾರಿ ಹೇಳಿದರು. ಗೃಹಿಣಿ ಎರಡು ಬಾರಿಯೂ "ಹೂಂ" ಎಂದರು.

ಇಂಥ ಹೋಟೆಲುಗಳಿಗೆ 'ಬೊಟೀಕ್' ಎಂದು ಹೆಸರು. ಫ್ರೆಂಚ್ ಭಾಷೆಯಲ್ಲಿ ಅದಕ್ಕೆ ಚಿಕ್ಕ ಅಂಗಡಿ ಎಂದಷ್ಟೇ ಅರ್ಥ. 1978ರಲ್ಲಿ ಲಂಡನ್ನಿನಲ್ಲಿ ತೆರೆದ ಬ್ಲೇಕ್ಸ್, 1984ರಲ್ಲಿ ನ್ಯೂಯಾರ್ಕಿನಲ್ಲಿ ತೆರೆದ ಮಾರ್ಗನ್ಸ್, ಇವು ಈ ಪಂಥದ ಹಿರಿಯರು. ನೂರಾರು ಕೋಣೆಗಳ ದೊಡ್ಡ ಹೋಟೆಲು ಯಾವ ಊರಿನಲ್ಲಿದ್ದರೂ ಒಂದೇ ಅಚ್ಚಿನದು. ಇದು ಹಾಗಲ್ಲ, ಇಲ್ಲಿ ಕೋಣೆಗಳು ಕೆಲವೇ, ಒಂದರಂತೆ ಇನ್ನೊಂದಿಲ್ಲ. ಅತಿಥಿಗೆ ತಾನು ಯಾರದೋ ಮನೆಗೆ ಬಂದಿದ್ದೇನೆಂಬ ಭಾವನೆ ಬರಬೇಕು. ಆದರೆ ಆ 'ಯಾರೋ' ಮಾತ್ರ ಅಲ್ಲಿ ಇರಬಾರದು.

ಬಂಗಲೆಯೇನೋ ನಿಜವಾಗಿಯೂ ಸೊಗಸಾಗಿತ್ತು. 1898ರ ಪ್ಲೇಗು ಮಾರಿ ಊರನ್ನು ನಡುಗಿಸಿದ ಮೇಲೆ ಗಾಳಿ ಬೆಳಕುಗಳಿಗಾಗಿ ಬೆಳೆದ ಬಡಾವಣೆಗಳು ಬಸವನಗುಡಿ ಮತ್ತು ಮಲ್ಲೇಶ್ವರ. ಅಲ್ಲಿಯ ಹಳೆಯ ಮನೆಗಳ ಲಕ್ಷಣವೆಲ್ಲ ಇಲ್ಲಿ ಉಳಿದಿತ್ತು: ಮಂಗಳೂರು ಹೆಂಚಿನ ಮಾಡು, ಮುಖಮಂಟಪದ ನೆತ್ತಿಯ ಮೇಲೆ 'ಮಂಕಿ ಟಾಪ್' ಎಂದು ಕರೆಯುವ ಮರದ ಪಟ್ಟಿಗಳ ಚೂಪಾದ ಜಾಲರಿ, ಒಳಗೆ ಕಾಲಿಟ್ಟರೆ ತಣ್ಣನೆಯ ಕೆಂಪು ಗಾರೆಯ ನೆಲ. ಬಚ್ಚಲಿನ ಹಿತ್ತಾಳೆ ಹಂಡೆ ಪಡಸಾಲೆಗೆ ಬಂದು ಗಿಡದ ಕುಂಡವಾಗಿತ್ತು. ಒನಕೆಯೊಂದು ಗೋಡೆಯ ಮೇಲೆ ಅಡ್ಡಲಾಗಿ ತೂಗುತ್ತಿತ್ತು. ಬಾಗಿಲ ಬಳಿಯ ಒರಳುಕಲ್ಲಿನಲ್ಲಿ ನೀರು ತುಂಬಿ ಗುಲಾಬಿಯ ಪಕಳೆಗಳನ್ನು ತೇಲಿಬಿಟ್ಟಿದ್ದರು.

ಗೃಹಿಣಿ ಅದರ ಮುಂದೆ ನಿಂತು, "ಇದರ ಗುಂಡು ಎಲ್ಲಪ್ಪ?" ಎಂದು ಕೇಳಿದರು.

ಪೆಟ್ಟಿಗೆ ಹೊತ್ತಿದ್ದ ಹುಡುಗ ತಬ್ಬಿಬ್ಬಾದನು. ಒರಳಿಗೆ ಒಂದು ಗುಂಡುಕಲ್ಲೂ ಇರುತ್ತದೆಂಬುದನ್ನು ಪಾಪ, ಅವನು ಕೇಳಿಯೇ ಇರಲಿಲ್ಲ.

ರಾತ್ರಿ ಊಟವಾಯಿತು. ತಟ್ಟೆ ತೊಳೆಯಬೇಕಾಗಿರಲಿಲ್ಲ. ಹಾಲು ಹೆಪ್ಪು ಹಾಕಬೇಕಾಗಿರಲಿಲ್ಲ. ನಾಳೆಯ ಇಡ್ಲಿಗೆ ರುಬ್ಬಬೇಕಾದ ಉದ್ದು ಇರಲಿಲ್ಲ. ಮೆತ್ತನೆಯ ಹಾಸಿಗೆಯಲ್ಲಿ ಯಜಮಾನರಿಗೆ ಸುಖವಾದ ನಿದ್ರೆ ಬಂದಿತು. ಗೃಹಿಣಿಗಾದರೋ ಮೂವತ್ತು ವರ್ಷದ ಅಭ್ಯಾಸ. ಬೆಳಗ್ಗೆ ಐದಕ್ಕೆ ಸರಿಯಾಗಿ ಎಚ್ಚರವಾಯಿತು. ಎದ್ದ ಮೇಲೆ ಮಾಡುವುದೇನು? ಹೊದಿಕೆಯನ್ನು ಮಡಿಸಿಟ್ಟರು. ಕಿಟಕಿಯ ಪರದೆಯನ್ನು ಸರಿಸಿದರು. ಅಲ್ಲಿಗೆ ಕೆಲಸ ಮುಗಿಯಿತು.

ಆರೂವರೆಗೆ ಯಜಮಾನರು ಕಣ್ಣು ಬಿಟ್ಟಾಗ ಪಕ್ಕದಲ್ಲಿ ಯಾರೂ ಇರಲಿಲ್ಲ. ಗಾಬರಿಯಿಂದ ಹೊರಗೆ ಬಂದರು. ಮುಖಮಂಟಪದ ಕೆಂಪು ನೆಲದ ಮೇಲೆ ಗೃಹಿಣಿ ಕಾಲು ನೀಡಿ ಕುಳಿತಿದ್ದರು. ಅಂಗೈಯಿಂದ ನೆಲವನ್ನು ಸವರುತ್ತಿದ್ದರು.

"ಇಷ್ಟು ಹೊತ್ತಿಗೇ ಎದ್ದು ಏನು ಮಾಡ್ತಿದೀಯೆ?"

"ಏನೂ ಇಲ್ಲ. ನಮ್ಮಪ್ಪನ ಮನೆ ನೆಲವೂ ಹೀಗೇ ಇತ್ತು. ಅಮ್ಮ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿ ತಿಕ್ಕಿ ಮುಖ ಕಾಣೋ ಹಾಗೆ ಮಾಡಿದ್ದಳು."

ಮಲ್ಲೇಶ್ವರದ ಆ ಮನೆ ಈಗಿಲ್ಲ. ಗೃಹಿಣಿಯ ತಂದೆ ಸ್ವಂತ ಸಂಪಾದನೆಯಿಂದ ಕೊಂಡಿದ್ದ ಮನೆ ಅದು. ಅವರು ಉಯಿಲು ಬರೆಯದೆ ತೀರಿಕೊಂಡರು. ತಾಯಿಯೂ ಹೋದ ಮೇಲೆ, 2004ರಲ್ಲಿ, ಅಣ್ಣ ತಮ್ಮಂದಿರು ಅದನ್ನು ಕೆಡವಿ ಅಪಾರ್ಟ್‌ಮೆಂಟು ಕಟ್ಟಿಸಲು ನಿಶ್ಚಯಿಸಿದರು. ಇಂಥ ಆಸ್ತಿಯಲ್ಲಿ ಮಗನಿಗಿರುವಷ್ಟೇ ಹಕ್ಕು ಮಗಳಿಗೂ ಉಂಟೆಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೇ ಹೇಳುತ್ತದೆ. ಆದುದರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಆಕೆಯ ಸಹಿ ಬೇಕಾಯಿತು. ಯಜಮಾನರು ಶಾಂತಿಪ್ರಿಯರು. "ಒಡಹುಟ್ಟಿದವರ ಹತ್ತಿರ ಲೆಕ್ಕಾಚಾರ ಯಾಕೆ? ಸಹಿ ಹಾಕಿಬಿಡು" ಎಂದಿದ್ದರು. ಗೃಹಿಣಿ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಹಿ ಹಾಕಿ, ಬೆರಳಚ್ಚು ಒತ್ತಿ, ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕಿದ್ದರು. ಆಮೇಲೆ ಆ ಮಾತು ಬಂದಿರಲಿಲ್ಲ.

ಈಗ ಬಂದಿತು.

"ನನಗೆ ಪಾಲು ಬೇಕು ಅಂತಿರಲಿಲ್ಲ ರೀ. ಕೇಳಿದ್ದರೂ ಬೇಡ ಅಂತಲೇ ಅಂತಿದ್ದೆನೋ ಏನೋ. ಆದರೆ ನಿನಗೇನನ್ನಿಸತ್ತೆ ಅಂತ ಯಾರೂ ಕೇಳಲಿಲ್ಲ. ನೀವೂ ಕೇಳಲಿಲ್ಲ."

ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಯಜಮಾನರಿಗೆ ಉತ್ತರ ಹೊಳೆಯುತ್ತಿತ್ತು. ಸಾಲದ ಅರ್ಜಿಗಳ ಜತೆ ಬಂದ ಅಂಥ ಪತ್ರಗಳನ್ನು ಬ್ಯಾಂಕಿನಲ್ಲಿ ಅವರು ಎಷ್ಟೋ ಓದಿದ್ದರು. ಯಾರ ಒತ್ತಾಯವೂ ಇಲ್ಲದೆ ಸ್ವಸಂತೋಷದಿಂದ ಬರೆದುಕೊಟ್ಟದ್ದು ಎಂಬ ವಾಕ್ಯ ಅವರಿಗೆ ಬಾಯಿಪಾಠವಾಗಿತ್ತು. ಆ ಸಂತೋಷ ಯಾರದು, ಅದು ನಿಜವಾಗಿಯೂ ಇತ್ತೆ ಎಂದು ಅವರು ಯೋಚಿಸಿದ್ದು ಆ ಬೆಳಗ್ಗೆಯೇ ಮೊದಲು.

ಇಪ್ಪತ್ತು ವರ್ಷಕ್ಕೂ ಮಿಕ್ಕಿ ಒಳಗಿದ್ದ ಮಾತು ಹಾಸಿಗೆಯ ಮೆತ್ತೆಗೆ ಹೊರಬಂದಿತೆ? ಅಲ್ಲ. ಮನೆಯಲ್ಲಿ ಅಂಥ ಮಾತು ತುಟಿಗೆ ಬರುವ ಹೊತ್ತಿಗೆ ಹಾಲು ಉಕ್ಕುತ್ತದೆ, ಕುಕ್ಕರು ಕೂಗುತ್ತದೆ, ಬಾಗಿಲಲ್ಲಿ ಯಾರೋ ಗಂಟೆ ಒತ್ತುತ್ತಾರೆ. ಕೆಲಸವು ಸಂಸಾರವನ್ನು ನಡೆಸುತ್ತದೆ, ದಿಟ; ಸಂಸಾರದೊಳಗಿನ ಮೌನವನ್ನು ಮುಚ್ಚಿಡುವುದೂ ಅದೇ. ಹೋಟೆಲು ಅತಿಥಿಯ ಕೈಯಿಂದ ಕೆಲಸವನ್ನು ಕಿತ್ತುಕೊಳ್ಳುತ್ತದೆ. ಆಗ ಗಂಡಹೆಂಡಿರಿಗೆ ಒಬ್ಬರ ಮುಖವನ್ನೊಬ್ಬರು ನೋಡದೆ ಬೇರೆ ಗತಿಯಿರುವುದಿಲ್ಲ. ತೆತ್ತ ಹಣಕ್ಕೆ ದೊರೆಯುವ ಸರಕೆಂದರೆ ಬಹುಶಃ ಇದೇ.

ಯಜಮಾನರು ಏನೂ ಹೇಳದೆ ಒಳಗೆ ಹೋದರು. ಕೋಣೆಯ ಮೂಲೆಯಲ್ಲಿ ನೀರು ಕಾಯಿಸುವ ವಿದ್ಯುತ್ ಕೆಟಲು, ಕಾಗದದ ಪೊಟ್ಟಣಗಳಲ್ಲಿ ಕಾಫಿಪುಡಿ, ಹಾಲಿನ ಪುಡಿ ಇದ್ದವು. ಒಳಗಿನಿಂದ ಪಿಂಗಾಣಿಯ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವರ ತಲೆ ಬಾಗಿಲಿನಿಂದ ಹೊರಗೆ ಇಣುಕಿತು.

"ನಿನಗೆ ಸಕ್ಕರೆ ಎಷ್ಟು ಹಾಕಲಿ?"

ಮೂವತ್ತು ವರ್ಷದಲ್ಲಿ ಮೊದಲ ಸಲ ಕೇಳಿದ ಪ್ರಶ್ನೆ. ಗೃಹಿಣಿ ತಿರುಗಿ ನೋಡಿದರು.

"ಅರ್ಧ ಚಮಚ ಸಾಕು."

ಭಾನುವಾರ ಮಧ್ಯಾಹ್ನ ಅವರು ಮನೆಗೆ ಮರಳಿದರು. ಸಂಜೆ ಮಗಳ ದೂರವಾಣಿ ಬಂದಿತು. ಹೋಟೆಲು ಹೇಗಿತ್ತೆಂದು ಕೇಳಿದಳು.

"ಚೆನ್ನಾಗಿತ್ತು ಕಣೆ. ಕಾಫಿ ಮಾತ್ರ ಬಾಯಿಗಿಡೋ ಹಾಗಿರಲಿಲ್ಲ."

"ಅಯ್ಯೋ! ಹೇಳಿ ಬೇರೆ ತರಿಸಬಾರದಿತ್ತೇನಮ್ಮ?"

"ಬೇಡ ಅನ್ನಿಸಿತು," ಎಂದರು ಗೃಹಿಣಿ. "ಎರಡು ದಿನವೂ ಅದನ್ನೇ ಕುಡಿದೆ."