ಕುಗ್ಗದ ಫೋರ್ಕ್

ಮೌಂಟೇನ್ ಬೈಕ್ ಎಂದು ಕರೆಯುವ ದಪ್ಪ ಟೈರಿನ ಸೈಕಲ್ಲುಗಳನ್ನು ನೀವು ನೋಡಿರುತ್ತೀರಿ. ಮುಂದಿನ ಚಕ್ರವನ್ನು ಹಿಡಿದಿರುವ ಕವಲೇ ಫೋರ್ಕ್. ಇಂಥ ಹಲವು ಸೈಕಲ್ಲುಗಳಲ್ಲಿ ಫೋರ್ಕಿನ ಮೇಲಿನ ಕೊಳವೆ ಕೆಳಗಿನ ಕೊಳವೆಯೊಳಗೆ ಜಾರುತ್ತದೆ. ಒಳಗೆ ಸಾಮಾನ್ಯವಾಗಿ ಉಕ್ಕಿನ ಸ್ಪ್ರಿಂಗ್ ಇರುತ್ತದೆ. ಚಕ್ರ ಕಲ್ಲಿಗೆ ಬಡಿದಾಗ ಅದು ಕುಗ್ಗಿ, ಪೆಟ್ಟು ನಮ್ಮ ಕೈಗೆ ತಾಗದಂತೆ ತಡೆಯಬೇಕು.

ನನ್ನ ಅಕ್ಕನ ಮಗಳ ಸೈಕಲ್ಲಿನಲ್ಲಿ ಪೆಟ್ಟೆಲ್ಲ ಕೈಗೇ ಬರುತ್ತಿತ್ತು. ಮೂರು ಕಿ.ಮೀ. ಜಲ್ಲಿ ರಸ್ತೆಯಲ್ಲಿ ಶಾಲೆ ಮುಟ್ಟುವಷ್ಟರಲ್ಲಿ ಬೆರಳುಗಳು ಜೋಮು ಹಿಡಿದು, ಪೆನ್ಸಿಲ್ ಹಿಡಿಯಲೂ ಆಗುತ್ತಿರಲಿಲ್ಲ. “ಸ್ಪ್ರಿಂಗ್ ಗಟ್ಟಿ, ಹೊಸ ಫೋರ್ಕ್ ಹಾಕಿಸಿ” ಎಂದರು ಅಂಗಡಿಯವರು. ಅದಕ್ಕೆ ಅವರ ಮನೆಯಲ್ಲಿ ದುಡ್ಡಿರಲಿಲ್ಲ.

ನಿಜವಾಗಿ ಗಟ್ಟಿಯಾಗಿದ್ದುದು ಸ್ಪ್ರಿಂಗೇ? ಸ್ಪ್ರಿಂಗಿನ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ವಿವರಿಸಿದ. ಬಲ ಎರಡು ಪಟ್ಟಾದರೆ ಸ್ಪ್ರಿಂಗ್ ಎರಡು ಪಟ್ಟು ಕುಗ್ಗುತ್ತದೆ; ಬಲ ತೆಗೆದರೆ ಮೊದಲಿನಂತಾಗುತ್ತದೆ. ಘರ್ಷಣೆಯ ಸ್ವಭಾವ ಬೇರೆ. ಒಂದು ಮಿತಿಯವರೆಗೆ ಅದು ಅಲುಗಾಡಲೂ ಬಿಡದು, ಮಿತಿ ದಾಟಿದೊಡನೆ ಥಟ್ಟನೆ ಬಿಟ್ಟುಕೊಡುತ್ತದೆ. ವಾಪಸು ಬರುವಾಗಲೂ ತಡೆಯುತ್ತದೆ.

ಒಳ ಕೊಳವೆಗೆ ರಬ್ಬರ್ ಬ್ಯಾಂಡ್ ಸುತ್ತಿ, ಹೊರ ಕೊಳವೆಯ ಅಂಚಿಗೆ ತಾಗಿಸಿದೆ. ಕೊಳವೆ ಎಷ್ಟು ಇಳಿದರೆ ಬ್ಯಾಂಡ್ ಅಷ್ಟು ಜರುಗುತ್ತದೆ. 28 ಕಿ.ಗ್ರಾಂ. ತೂಕದ ಅವಳು ಕೂತಾಗ ಅದು ಜರುಗಲಿಲ್ಲ. 62 ಕಿ.ಗ್ರಾಂ. ತೂಕದ ನಾನು ಕೂತಾಗಲೂ ಇಲ್ಲ! ಹ್ಯಾಂಡಲ್ ಮೇಲೆ ಮೈಭಾರವನ್ನೆಲ್ಲ ಹಾಕಿದೆ. ಕಟ್ಟೆಂದು ಎರಡು ಸೆಂ.ಮೀ. ಇಳಿಯಿತು. ಕೈ ತೆಗೆದರೂ ಅಲ್ಲೇ ನಿಂತಿತು. ಸ್ಪ್ರಿಂಗ್ ಮೇಲಕ್ಕೆ ತಳ್ಳುತ್ತಿದ್ದರೂ ಯಾವುದೋ ಅದನ್ನು ಹಿಡಿದಿತ್ತು.

ಪರಿಚಯದ ಮೆಕ್ಯಾನಿಕ್ ಒಬ್ಬರು ಕೆಳಗಿನ ಎರಡು ಬೋಲ್ಟ್ ಬಿಚ್ಚಿ ಹೊರ ಕೊಳವೆಗಳನ್ನು ಎಳೆದರು. (ಇದು ದೊಡ್ಡವರ ಕೆಲಸ.) ಒಳಗಿನ ಗ್ರೀಸ್ ಧೂಳಿನೊಂದಿಗೆ ಬೆರೆತು ಅಂಟಿನಂತಾಗಿತ್ತು, ಕೊಳವೆಗೆ ತುಕ್ಕು ಹಿಡಿದಿತ್ತು. ಒರೆಸಿ, ತುಕ್ಕು ಉಜ್ಜಿ, ಹೊಸ ಗ್ರೀಸ್ ಹಚ್ಚಿದರು. ಕೆಲವರು ಬಿಚ್ಚದೆ ಮೇಲಿನಿಂದ ಸೀಮೆಎಣ್ಣೆ ಸುರಿಯುತ್ತಾರೆ. ನಾಲ್ಕು ದಿನ ಸಲೀಸು, ಆಮೇಲೆ ಉಳಿದ ಗ್ರೀಸೂ ತೊಳೆದುಹೋಗುತ್ತದೆ.

ಈಗ ನಾನು ಕೂತರೆ ಬ್ಯಾಂಡ್ 13 ಮಿ.ಮೀ. ಜರುಗುತ್ತದೆ, ಅವಳು ಕೂತರೆ 5. ಸ್ಪ್ರಿಂಗನ್ನು ದೊಡ್ಡವರ ತೂಕಕ್ಕೆ ಮಾಡಿದ್ದಾರೆ, ಅದನ್ನು ಗ್ರೀಸ್ ಬದಲಿಸಲಾರದು. ಫೋರ್ಕಿನ ತುದಿಯ ತಿರುಪನ್ನು ಪೂರ್ತಿ ಸಡಿಲಿಸಿದೆವು. ಅದರಿಂದ ಕುಗ್ಗುವುದು ಸ್ವಲ್ಪ ಬೇಗ ಶುರುವಾಗುತ್ತದೆ, ಅಷ್ಟೆ. ಸ್ಪ್ರಿಂಗಿನ ಗಡಸು ಹಾಗೇ ಇರುತ್ತದೆ.

ಇನ್ನೊಂದು ಸ್ಪ್ರಿಂಗ್ ಉಳಿದಿತ್ತು: ಟೈರಿನೊಳಗಿನ ಗಾಳಿ. ಅದು ಕಲ್ಲಿನಂತೆ ಬಿಗಿಯಾಗಿತ್ತು. ಟೈರಿನ ಪಕ್ಕದಲ್ಲಿ ಅಚ್ಚಾಗಿದ್ದ ಕನಿಷ್ಠ ಒತ್ತಡಕ್ಕೆ ಇಳಿಸಿದೆವು. ಜಲ್ಲಿಯ ಸಣ್ಣ ನಡುಕವನ್ನು ಈಗ ಟೈರೇ ನುಂಗುತ್ತದೆ. ಫೋರ್ಕಿಗೆ ಗುಂಡಿಗಳಷ್ಟೇ ಉಳಿದಿವೆ.